ಹಲಸಿನ ಮರದ ಪೆಟ್ಟಿಗೆ

ಶೇಖರ ಬೈಂದೂರಿನಲ್ಲಿ ಬೋಟಿನ ಎಂಜಿನ್ ರಿಪೇರಿ ಮಾಡುವವನು. ೨೦೦೯ರ ಮಳೆಗಾಲ ಮುಗಿಯುತ್ತಿದ್ದಾಗ ಹಳೆಯ ಮೀನುಪೆಟ್ಟಿಗೆಯ ಹಲಗೆ ಜೋಡಿಸಿ ಗೂಡು ಮಾಡಿ, ಹಿತ್ತಲ ಹಲಸಿನ ಮರಕ್ಕೆ ಕಟ್ಟಿದ. ಗೊರವಂಕ ಬರಲಿ ಎಂದು ಮಗಳು ಪೂಜಿತಾ ಕೇಳಿದ್ದಳು. ಬಂದದ್ದು ಬಿಳಿ ಮುಖದ ಗೂಬೆಗಳ ಜೋಡಿ.

ಹೆಂಡತಿ ಕುಸುಮಾವತಿ ಅವನ್ನು ಓಡಿಸಿ ಎಂದಳು. ಶೇಖರ ಕೇಳಲಿಲ್ಲ. ಹೊಲಿಗೆ ಕ್ಲಾಸಿನಿಂದ ಪೂಜಿತಾ ಬಂದ ಮೇಲೆ ಅಪ್ಪ ಮಗಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಕತ್ತಲಾಗುವುದನ್ನು ಕಾಯುತ್ತಿದ್ದರು. ಮೂರು ಮರಿಗಳಾದವು. ಹಸಿವಾದರೆ ಸೀಮೆಎಣ್ಣೆ ಸ್ಟೋವಿನ ಹಾಗೆ ಬುಸುಗುಡುತ್ತಿದ್ದವು. ಗಂಡು ಗೂಬೆ ಇಲಿ ತಂದು ಕೊಡುತ್ತಿತ್ತು, ಹೆಣ್ಣು ಒಳಗೆ ಹರಿದು ಹಂಚುತ್ತಿತ್ತು. ಎಲ್ಲರಿಗಿಂತ ಸಣ್ಣದಕ್ಕೂ ಸಿಕ್ಕಿತೋ ಇಲ್ಲವೋ ಎಂಬುದೇ ಇಬ್ಬರಿಗೂ ಚಿಂತೆ.

ಅಷ್ಟರಲ್ಲಿ ಸಾಸ್ತಾನದಿಂದ ಪೂಜಿತಾಗೆ ಒಂದು ಸಂಬಂಧ ಬಂತು. ಹಿಂದೆ ಎರಡು ತಪ್ಪಿಹೋಗಿದ್ದವು. ಸಂಬಂಧ ತಂದ ಗುಲಾಬಿ ಹಿತ್ತಲಿಗೆ ಬಂದವಳು ಮರ ನೋಡಿ ಮುಖ ಸಿಂಡರಿಸಿದಳು. ಹುಡುಗನ ಕಡೆಯವರು ಭಾನುವಾರ ಬರುತ್ತಾರೆ, ಗೂಬೆ ಕೂತ ಮನೆಯಿಂದ ಯಾರೂ ಹೆಣ್ಣು ತರುವುದಿಲ್ಲ ಎಂದಳು. ಕುಸುಮಾವತಿ ಎರಡು ದಿನ ಊಟ ಬಿಟ್ಟಳು.

ಗುರುವಾರ ಪೂಜಿತಾ ಕುಂದಾಪುರಕ್ಕೆ ಹೋಗಿದ್ದಾಗ ಶೇಖರ ಏಣಿ ಇಟ್ಟ. ಮರಿಗಳ ಸಮೇತ ಪೆಟ್ಟಿಗೆ ಇಳಿಸಿ, ಕಡಲ ಬದಿಯ ಗಾಳಿಮರದ ತೋಪಿಗೆ ಒಯ್ದು ಒಂದು ಕವಲಿನಲ್ಲಿ ಇಟ್ಟು ಬಂದ. ತಾಯಿ ಹುಡುಕಿಕೊಂಡು ಬರುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಸಂಜೆ ವಿಷಯ ತಿಳಿದ ಪೂಜಿತಾ ಚಪ್ಪಲಿಯನ್ನೂ ಹಾಕದೆ ಓಡಿದಳು. ಹಿಂದೆಯೇ ಶೇಖರ. ಪೆಟ್ಟಿಗೆ ಮರಳಿನ ಮೇಲೆ ಬಿದ್ದಿತ್ತು. ಕಾಗೆಗಳು ಎರಡು ಮರಿಗಳನ್ನು ಕುಕ್ಕಿ ಕೊಂದಿದ್ದವು. ಮೂರನೆಯದು ಇರಲೇ ಇಲ್ಲ.

"ನನ್ನತ್ರ ಒಂದ್ ಮಾತ್ ಕೇಂಬುಕೆ ಆಯ್ಲಿಲ್ಯಾ ಅಪ್ಪಯ್ಯ?"

"ನಿನ್ ಒಳ್ಳೇದಕ್ಕೇ ಮಾಡಿದ್ದ್, ಮಗಾ."

ಅವಳು ಕೈಯಲ್ಲೇ ಮರಳು ತೋಡಿ ಮರಿಗಳನ್ನು ಮುಚ್ಚಿದಳು. ಅವನು ಕೈ ಹಾಕಲು ಬಂದಾಗ ಬೇಡ ಎಂದಳು. ಮೂರು ಸಂಜೆ ಗೂಬೆಗಳು ಬರಿದಾದ ಕೊಂಬೆಗೆ ಬಂದು ಹೋದವು. ಶೇಖರ ಒಬ್ಬನೇ ಕಲ್ಲಿನ ಮೇಲೆ ಕುಳಿತು ನೋಡಿದ.

ಭಾನುವಾರ ಹುಡುಗ ಶೈಲೇಶ್ ಬಂದ. ಕಾಫಿ ಕುಡಿದು ಕೈ ತೊಳೆಯಲು ಹಿತ್ತಲಿಗೆ ಹೋದವನು ಮರದ ಬುಡದ ಬಿಳಿ ಹಿಕ್ಕೆಯನ್ನು ನೋಡಿ ನಿಂತ.

"ನಿಮ್ಮಲ್ಲೂ ಗೂಬೆ ಇತ್ತಾ? ನಮ್ಮ್ ತೋಟದಗೂ ಈಗ್ಳೂ ಒಂದ್ ಜೋಡಿ ಇತ್. ಇಲಿ ಒಂದೂ ಬಿಡುದಿಲ್ಲೆ. ನಮ್ಮಪ್ಪಯ್ಯ ಅದನ್ನ್ ಯಾರಿಗೂ ಮುಟ್ಟುಕೇ ಬಿಡುದಿಲ್ಲೆ."

ಶೇಖರ ಕೈಯಲ್ಲಿದ್ದ ಟವೆಲ್ ಅವನಿಗೆ ಕೊಟ್ಟ.

"ಇದ್ದಿತ್," ಎಂದ ಆಮೇಲೆ. "ಈಗ ಇಲ್ಲೆ."

ಅಡುಗೆಮನೆಯ ಕಿಟಕಿಯಲ್ಲಿ ಪೂಜಿತಾ ಇದ್ದಳು. ಎಲ್ಲವೂ ಕೇಳಿಸಿತ್ತು. ಆ ರಾತ್ರಿ ಅಮ್ಮ ಕೇಳಿದಾಗ ಒಪ್ಪಿಗೆ ಎಂದಳು. ಹುಡುಗ ಹಿಡಿಸಿದ್ದಕ್ಕೋ ಈ ಮನೆ ಸಾಕಾದದ್ದಕ್ಕೋ, ಕೇಳುವ ಧೈರ್ಯ ಶೇಖರನಿಗೆ ಬರಲಿಲ್ಲ.

ಮದುವೆಯಾಗಿ ಎರಡು ತಿಂಗಳ ಮೇಲೆ ಅವನು ಬಂಗುಡೆ ಮೀನು ಕಟ್ಟಿಸಿಕೊಂಡು ಸಾಸ್ತಾನಕ್ಕೆ ಹೋದ. ಮಗಳು ಕುರ್ಚಿ ಹಾಕಿದಳು, ಚಾ ಕೊಟ್ಟಳು, ಅಮ್ಮನ ಕಾಲುನೋವು ವಿಚಾರಿಸಿದಳು. ಯಾವುದರಲ್ಲೂ ಕೊರತೆ ಮಾಡಲಿಲ್ಲ. ಲೋಟ ತೆಗೆದುಕೊಳ್ಳುತ್ತಾ ಕೇಳಿದಳು:

"ವಾಪಾಸ್ ಹೋಪುಕೆ ಬಸ್ ಎಷ್ಟ್ ಗಂಟಿಗೆ?"