ಆರ್ಗನ್ನಿಗಿಂತ ಮುಂದೆ ಹಾಡುವ ಅಪ್ಪ

ಅಪ್ಪ ತೀರಿಕೊಂಡಾಗ ದೊಡ್ಡ ಮಗಳು ಮನಸಾರೆ ಅತ್ತಳು, ಸುಳ್ಳಲ್ಲ. ಅತ್ತು ಮೂಗು ಒರೆಸಿಕೊಂಡವಳೇ ತನ್ನ ಚರ್ಚಿನ ಗಾಯನ ಮಂಡಳಿಯವರನ್ನು ಕರೆಸಿದಳು. “ನೋಡ್ರಪ್ಪಾ, ನಾಳೆ ಒಂದು ದಿನವಾದ್ರೂ ಕೀರ್ತನೆ ನೆಟ್ಟಗೆ ಬರಬೇಕು. ನಾನು ಎತ್ತಿಕೊಡ್ತೀನಿ, ನೀವು ಹಿಡ್ಕೊಳ್ಳಿ. ಅಪ್ಪನ್ನ ಮರ್ಯಾದೆಯಾಗಿ ಕಳಿಸಿಕೊಡೋಣ.”

ಆ ಚರ್ಚಿನಲ್ಲಿ ಕೀರ್ತನೆ ನೆಟ್ಟಗೆ ಬರದಿರುವುದಕ್ಕೆ ಕಾರಣ ಅಪ್ಪನೇ. ತಗಡಿನ ಟ್ರಂಕು ಮಾಡುತ್ತಿದ್ದವನು. ಮೀಸೆ ಮೂಡುವ ಮೊದಲೇ ಸುತ್ತಿಗೆ ಹಿಡಿದು, ಮೊಮ್ಮಕ್ಕಳಿಗೆ ಮದುವೆಯಾಗುವವರೆಗೂ ಬಡಿದೂ ಬಡಿದೂ ಕಿವಿ ಮುಕ್ಕಾಲು ಹೋಗಿತ್ತು. ಗಂಟಲು ಹೋಗಿರಲಿಲ್ಲ ನೋಡಿ, ಅಲ್ಲೇ ಬಂತು ತೊಂದರೆ. ಚರ್ಚಿನ ಮಕ್ಕಳೆಲ್ಲ ಅವನನ್ನು ತುತ್ತೂರಿ ತಾತ ಎನ್ನುತ್ತಿದ್ದರು.

ಭಾನುವಾರ ತಪ್ಪಿಸಿದವನಲ್ಲ. ಜ್ವರ ಬಂದರೂ ಮಫ್ಲರ್ ಸುತ್ತಿಕೊಂಡು, ಹೆಂಡತಿ, ಮಕ್ಕಳು, ಸೊಸೆಯಂದಿರನ್ನೆಲ್ಲ ಮುಂದೆ ಹಾಕಿಕೊಂಡು ಹೊರಡುತ್ತಿದ್ದ. “ಬೇಗ ನಡೀರೋ, ದೇವ್ರು ಕಾಯ್ತಾ ಕೂತಿರ್ತಾನೆ!” ಎರಡನೆಯ ಬೆಂಚು ಇವರಿಂದಲೇ ಭರ್ತಿ. ಆರ್ಗನ್ನಿನವರು ಪೀಠಿಕೆ ನುಡಿಸಿ ಮುಗಿಸುವಷ್ಟು ತಾಳ್ಮೆ ಅವನಿಗೆಲ್ಲಿತ್ತು? ಅರ್ಧಕ್ಕೇ ಎದ್ದು, ಎದೆ ಸೆಟೆಸಿ, ಹಾಡಿಯೇ ಬಿಡುತ್ತಿದ್ದ. ಮೂರನೆಯ ಸಾಲಲ್ಲಿ ರಾಗ ಇಳಿಯಬೇಕು, ಇವನು ಏರಿಸುತ್ತಿದ್ದ. ಹೇಳಿ ಹೇಳಿ ಪಾದ್ರಿಗಳೂ ಸೋತರು. ಕೊನೆಕೊನೆಗೆ ಸಭೆಗೆ ಸಭೆಯೇ ಅವನು ಶುರು ಮಾಡುವುದನ್ನು ಕಾದು, ಅವನ ಹಿಂದೆಯೇ ಹಾಡುವುದನ್ನು ರೂಢಿ ಮಾಡಿಕೊಂಡಿತು.

“ಮೆಲ್ಲಗೆ ಹಾಡಪ್ಪಾ, ಮಾನ ಹೋಗುತ್ತೆ” ಎಂದು ಮಗಳು ಗೋಗರೆದರೆ, “ಟ್ರಂಕು ಬಡಿಯೋದು ಪಕ್ಕದ ಬೀದಿಗೆ ಕೇಳುತ್ತೆ. ಪ್ರಾರ್ಥನೆ ಮೇಲಿನವರೆಗೆ ಕೇಳೋದು ಬೇಡ್ವೇನೇ?” ಎನ್ನುತ್ತಿದ್ದ. ಇದಕ್ಕೇನು ಹೇಳುತ್ತೀರಿ? ಅಮ್ಮನಂತೂ ಚರ್ಚಿನಲ್ಲಿ ಬಾಯಿ ಬಿಟ್ಟವಳೇ ಅಲ್ಲ. “ಇವರದೇ ಇಬ್ಬರಿಗಾಗುವಷ್ಟಿದೆ” ಎಂದು ಸುಮ್ಮನಿರುತ್ತಿದ್ದಳು.

ಮರುದಿನ ಶವಪೆಟ್ಟಿಗೆಯನ್ನು ಮುಂದೆ ಇಟ್ಟರು. ಪಾದ್ರಿ ಕೀರ್ತನೆಗೆ ಎಲ್ಲರನ್ನೂ ಎಬ್ಬಿಸಿದರು. ಆರ್ಗನ್ ಪೀಠಿಕೆ ಮುಗಿಸಿತು. ಮಗಳು ಬಾಯಿ ತೆರೆದಳು. ಹಾಡಿನ ಬದಲು ಬಿಕ್ಕು ಹೊರಟಿತು. ಮಂಡಳಿಯವರು ಅಭ್ಯಾಸಬಲದಿಂದ ಎರಡನೆಯ ಬೆಂಚಿನ ಕಡೆ ತಿರುಗಿದರು. ಪುಸ್ತಕ ಹಿಡಿದಿದ್ದ ಸಭೆಯೂ ಅತ್ತಲೇ ನೋಡಿತು. ಅಲ್ಲಿ ಅವನ ಜಾಗ ಖಾಲಿ. ಆರ್ಗನ್ನಿನವರು ಬೆವರುತ್ತಾ ಮತ್ತೆ ಮೊದಲಿಂದ ನುಡಿಸಿದರು. ಪಾದ್ರಿ ಕೆಮ್ಮಿದರು. ಅಯ್ಯೋ ದೇವರೇ, ನೆಟ್ಟಗೆ ಹಾಡುವುದು ಹಾಗಿರಲಿ, ಅಪ್ಪನಿಗೆ ಹಾಡೇ ಇಲ್ಲದ ಹಾಗಾಯಿತಲ್ಲ ಎಂದು ಮಗಳ ಜೀವ ಬಾಯಿಗೆ ಬಂತು.

ಆಗ, ಪೀಠಿಕೆ ಇನ್ನೂ ಅರ್ಧದಲ್ಲಿರುವಾಗಲೇ, ಅಮ್ಮ ಹಾಡತೊಡಗಿದಳು. ಸ್ವರ ನಡುಗುತ್ತಿತ್ತು, ಆದರೆ ಥೇಟ್ ಅವನದೇ ಧಾಟಿ. ತಡೆದು ನಿಂತಿದ್ದ ಸಭೆ ಒಮ್ಮೆಲೇ ಅವಳ ಹಿಂದೆ ಹೊರಟಿತು. ಮೂರನೆಯ ಸಾಲು ಬರುತ್ತಿದ್ದಂತೆ, ರಾಗ ಇಳಿಸಿ ಎಂದು ಮಂಡಳಿಗೆ ತೋರಿಸಲು ಮಗಳು ಕೈ ಎತ್ತಿದಳು. ಎತ್ತಿದ ಕೈ ಹಾಗೇ ನಿಂತಿತು. ಇಡೀ ಚರ್ಚು, ಆರ್ಗನ್ ಸಮೇತ, ಒಬ್ಬರೂ ತಪ್ಪದೆ ಏರಿಸಿತು. ಮಗಳೂ ಕಣ್ಣೀರು ಸುರಿಸುತ್ತಾ, ಅಪ್ಪನ ಹಾಗೆ ಎದೆ ಸೆಟೆಸಿ, ಗಂಟಲು ಹರಿಯುವಂತೆ ಹಾಡಿದಳು.

ಮುಗಿದ ಮೇಲೆ ಅಮ್ಮ ಏದುಸಿರು ಬಿಡುತ್ತಾ ಕುಳಿತು, ಪಕ್ಕಕ್ಕೆ ಬಂದ ಮಗಳ ಸೆರಗು ಜಗ್ಗಿದಳು.

“ಅವರಿಗೆ ಕೇಳಿಸಿತೇನೇ?”

“ಪಕ್ಕದ ಬೀದಿಗೂ ಕೇಳಿಸ್ತಮ್ಮಾ” ಎಂದಳು ಮಗಳು.