ಉಪ್ಪುಗಾಳಿಯ ಊರಲ್ಲಿ ಬಿಸಿಲಿನ ಕರೆಂಟು

ನಮ್ಮ ತೂತ್ತುಕುಡಿಯಲ್ಲಿ ಕರೆಂಟ್ ಬಿಲ್ ಬರುವುದು ಎರಡು ತಿಂಗಳಿಗೊಮ್ಮೆ. ಯಾರ ಮನೆಗೆ ಎಷ್ಟು ಬಂತೆಂದು ಯಾರೂ ಯಾರನ್ನೂ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ. ಹೆಚ್ಚು ಬಂದ ಮನೆಯವರು ಫ್ಯಾನ್ ಆರಿಸಿ, ಮಕ್ಕಳುಮರಿ ಸಮೇತ ಹೊರಗಿನ ಮೆಟ್ಟಿಲ ಮೇಲೆ ಬಂದು ಕೂತಿರುತ್ತಾರೆ. "ಒಳಗೆ ಸೆಕೆ" ಅನ್ನುತ್ತಾರೆ. ಅದು ಯಾವ ಸೆಕೆ ಎಂದು ಬೀದಿಗೆಲ್ಲ ಗೊತ್ತು.

ಫ್ಯಾನ್ ಆರಿಸಿದರೆ ಬೆವರು ಬರುತ್ತದೆ, ಅಷ್ಟೇ. ಅಮಲೋರ್ಪವಂ ಅಕ್ಕನ ಮನೆಯಲ್ಲಿ ಆರಿದ್ದು ಫ್ಯಾನ್ ಅಲ್ಲ.

ಅಕ್ಕನ ಗಂಡ ಸಂಧ್ಯಾಗು ಅಣ್ಣ ದೋಣಿ ಕಟ್ಟುವ ಅಂಗಳದಲ್ಲಿ ನಲವತ್ತು ವರ್ಷ ಬೆಸುಗೆ ಹಾಕಿದವರು. ಕಬ್ಬಿಣದ ಹೊಗೆ ಕುಡಿದು ಕುಡಿದು ಅವರ ಶ್ವಾಸಕೋಶ ಸೋತಿದೆ. ಮೂಗಿಗೆ ಕೊಳವೆ ಹಾಕಿ ಆಮ್ಲಜನಕ ಕೊಡುವ ಯಂತ್ರವೊಂದನ್ನು ಡಾಕ್ಟರು ಮನೆಯಲ್ಲೇ ಇಡಿಸಿದ್ದಾರೆ. ಅದು ಕರೆಂಟಿನಿಂದ ನಡೆಯುತ್ತದೆ. ದಿನಕ್ಕೆ ಹದಿನೈದು ಗಂಟೆಗೆ ಒಂದು ನಿಮಿಷವೂ ಕಡಿಮೆ ಆಗಬಾರದು ಎಂದು ಕಟ್ಟಪ್ಪಣೆ.

ಒಂದು ದಿನ ಬೆಳಗಿನ ಪೂಜೆ ಮುಗಿಸಿ ಅಕ್ಕ ಚರ್ಚಿನಿಂದ ಬಂದಾಗ ಯಂತ್ರ ನಿಂತಿತ್ತು. ಅಣ್ಣ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದರು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು.

"ಯಾವಾಗ ನಿಲ್ಸಿದ್ರಿ?"

"ಈಗ. ನೀನು ಗೇಟು ತೆಗೆದೆಯಲ್ಲ, ಆಗ."

ಅಕ್ಕ ಯಂತ್ರದ ಬೆನ್ನ ಮೇಲೆ ಕೈಯಿಟ್ಟರು. ಕಲ್ಲಿನಂತೆ ತಣ್ಣಗಿತ್ತು.

"ಸುಳ್ಳು ಹೇಳೋಕೂ ಉಸಿರು ಬೇಕು. ಅದನ್ಯಾಕೆ ಖರ್ಚು ಮಾಡ್ತೀರಿ?" ಎಂದು ಗುಂಡಿ ಒತ್ತಿದರು. ದಿಂಬು ಸರಿಪಡಿಸುವಾಗ ಅದರ ಕೆಳಗೆ ಬಿಲ್ಲು ಸಿಕ್ಕಿತು. ಮೂರು ಸಾವಿರದ ಎಪ್ಪತ್ತು ರೂಪಾಯಿ.

"ಐನೂರು ಯೂನಿಟ್ ದಾಟಿದ್ರೆ ದರಾನೇ ಬೇರೆ ಕಣೇ," ಎಂದರು ಅಣ್ಣ, ಮಾತಿನ ನಡುವೆ ಎರಡು ಸಲ ಉಸಿರೆಳೆದುಕೊಂಡು. "ಬೆಳಿಗ್ಗೆ ಎರಡು ಗಂಟೆ, ಮಧ್ಯಾಹ್ನ ಎರಡು ಗಂಟೆ ನಿಲ್ಸಿದ್ರೆ ಇಳಿಯುತ್ತೆ. ನಾನು ಲೆಕ್ಕ ಹಾಕಿದೀನಿ."

"ಎಷ್ಟು ದಿನದಿಂದ ಈ ಲೆಕ್ಕ?"

ಅಣ್ಣ ಕಿಟಕಿಯ ಕಡೆ ನೋಡಿದರು. ಅಕ್ಕ ಮಂಚದ ಅಂಚಿಗೆ ಕೂತು ಜಪಮಣಿ ಹಿಡಿದರು.

ಪೇಚಿಯಮ್ಮ ಬಂದದ್ದು ಆ ಹೊತ್ತಿಗೆ. ಮೂರು ವರ್ಷದ ಹಿಂದಿನವರೆಗೆ ಅವಳು ಉಪ್ಪಿನ ಆಗರದಲ್ಲಿ ಉಪ್ಪೆಳೆಯುತ್ತಿದ್ದಳು. ಆಮೇಲೆ ಮಹಿಳಾ ಸಂಘದ ಕಡೆಯಿಂದ ತರಬೇತಿ ಪಡೆದು, ಈಗ ಮಾಳಿಗೆಯಿಂದ ಮಾಳಿಗೆಗೆ ಹೋಗಿ ಸೋಲಾರ್ ಫಲಕ ತೊಳೆಯುವುದು, ಕೆಟ್ಟದ್ದು ನೋಡಿ ಹೇಳುವುದು ಅವಳ ಕೆಲಸ. ಪಕ್ಕದ ಓಣಿಯಲ್ಲಿ ಕೆಲಸ ಮುಗಿಸಿ, ಕಪ್ಪು ಕಾಫಿ ಸಿಗುತ್ತದೆಂದು ಬಂದವಳು ಇಬ್ಬರ ಮುಖ ನೋಡಿಯೇ ಬಕೆಟ್ಟು ಕೆಳಗಿಟ್ಟಳು. ಅಕ್ಕ ನಡೆದದ್ದನ್ನು ಹೇಳಿದರು.

"ಅಣ್ಣಾ, ಮಾಳಿಗೆ ಮೇಲೆ ಸೋಲಾರ್ ಹಾಕ್ಸಿ ಅಂತ ಹೋದ ವರ್ಷವೇ ಹೇಳಿದ್ದೆ."

"ಅದು ಬಂಗಲೆಯವರ ಆಟ. ನಮ್ಮ ಮಾಳಿಗೆ ಮೇಲೆ ಒಣಗೋದು ನನ್ನ ಲುಂಗಿ."

"ಆ ಲುಂಗಿ ಒಣಗಿಸೋ ಸೂರ್ಯನೇ ಕರೆಂಟೂ ಕೊಡ್ತಾನೆ. ಬೇರೆ ಸೂರ್ಯನ್ನ ತರಿಸಬೇಕಾಗಿಲ್ಲ."

ಅಕ್ಕನಿಗೆ ನಗು ಬಂತು. ಅಣ್ಣ ನಗಲಿಲ್ಲ. "ಬೆಲೆ ಹೇಳು ಮೊದ್ಲು."

"ನಿಮಗೆ ಎರಡು ಕಿಲೋವ್ಯಾಟ್ ಸಾಕು. ನಾಲ್ಕು ಫಲಕ. ಒಳ್ಳೆ ಬಿಸಿಲಿಗೆ ದಿನಕ್ಕೆ ಏಳೆಂಟು ಯೂನಿಟ್ ಬರುತ್ತೆ. ನಿಮ್ಮ ಮಿಷನ್ ತಿನ್ನೋದು ಐದು. ಖರ್ಚು, ಒಂದು ಲಕ್ಷದ ಇಪ್ಪತ್ತರಿಂದ ಒಂದೂವರೆ ಲಕ್ಷದ ಒಳಗೆ."

ಅಣ್ಣನಿಗೆ ಕೆಮ್ಮು ಬಂತು. ಅದು ಶ್ವಾಸಕೋಶದ ಕೆಮ್ಮಲ್ಲ.

"ಪೂರ್ತಿ ಕೇಳಿ ಕೆಮ್ಮಿ ಅಣ್ಣಾ. ಅದರಲ್ಲಿ ಅರವತ್ತು ಸಾವಿರ ಸರ್ಕಾರ ಕೊಡುತ್ತೆ. ಆದರೆ ಮುಂಚೆ ಕೊಡಲ್ಲ. ನಾವು ಹಾಕ್ಸಿ, ಹೊಸ ಮೀಟರ್ ಕೂತ ಮೇಲೆ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತೆ. ಅಲ್ಲೀವರೆಗೆ ಕೈಯಿಂದ ಹಾಕ್ಬೇಕು, ಇಲ್ಲಾ ಬ್ಯಾಂಕಲ್ಲಿ ಕಡಿಮೆ ಬಡ್ಡಿಗೆ ತಗೋಬೇಕು. ಯಾವನಾದ್ರೂ ಬಂದು ಪುಕ್ಕಟೆ ಮಾಡಿಸ್ಕೊಡ್ತೀನಿ, ಈಗ ಐದು ಸಾವಿರ ಕೊಡಿ ಅಂದ್ರೆ ಕದ ಹಾಕ್ಕೊಳ್ಳಿ."

"ಹಾಕ್ಸಿದ್ರೆ ಕರೆಂಟ್ ಹೋದಾಗ್ಲೂ ಇವರ ಮಿಷನ್ ನಡೆಯುತ್ತಲ್ಲ?" ಅಕ್ಕ ಆಸೆಯಿಂದ ಕೇಳಿದರು.

ಪೇಚಿ ಕಾಫಿ ಲೋಟ ಕೆಳಗಿಟ್ಟಳು. "ಇಲ್ಲ ಅತ್ತಿಗೆ. ಮಾರೋಕೆ ಬಂದವರು ನಡೆಯುತ್ತೆ ಅಂತಾರೆ, ನಾನು ಅನ್ನಲ್ಲ. ಬೀದಿ ಕರೆಂಟ್ ಹೋದ್ರೆ ಇದೂ ತಾನಾಗೇ ನಿಲ್ಲುತ್ತೆ. ಕಂಬ ಹತ್ತಿದ ಲೈನ್‌ಮ್ಯಾನಿಗೆ ನಮ್ಮ ಮನೆಯಿಂದ ಶಾಕ್ ಹೊಡೀಬಾರದಲ್ಲ, ಅದಕ್ಕೆ. ಬ್ಯಾಟರಿ ಇದ್ರೆ ನಡೆಯುತ್ತೆ, ಆದರೆ ಅದರ ಖರ್ಚು ಬೇರೆ. ಆ ಹೊತ್ತಿಗೆ ಮೂಲೇಲಿರೋ ಆಕ್ಸಿಜನ್ ಸಿಲಿಂಡರ್ ಇರ್ಲಿ."

"ಹಾಗಾದ್ರೆ ಇದು ಯಾಕೆ ಬೇಕು?" ಅಣ್ಣ ಗೆದ್ದವರಂತೆ ಕೇಳಿದರು.

"ನೀವು ಮಿಷನ್ ನಿಲ್ಸಿದ್ದು ಕರೆಂಟ್ ಹೋಗಿದ್ದಕ್ಕಾ ಅಣ್ಣಾ? ಬಿಲ್ಲಿಗೆ ಹೆದರಿ. ಆ ಹೆದರಿಕೆಗೆ ಇದು ಮದ್ದು. ಬಿಸಿಲಿಗೆ ದೇವರು ಬಿಲ್ ಕಳಿಸಲ್ಲ. ಹಿಡಿಯೋ ಪಾತ್ರೆಗೆ ಮಾತ್ರ ನಾವು ದುಡ್ಡು ಕೊಡ್ಬೇಕು."

ಅಣ್ಣ ಸಂಜೆ ಅಕ್ಕನಿಗೆ, "ವಿಚಾರಿಸೋದಕ್ಕೇನು, ವಿಚಾರಿಸು," ಎಂದರಂತೆ.

ಮೂರು ಕಡೆಯಿಂದ ದರಪಟ್ಟಿ ಬಂತು. ಎಲ್ಲಕ್ಕಿಂತ ಕಡಿಮೆಯದು ಒಂದು ಲಕ್ಷದ ಹದಿನೆಂಟು ಸಾವಿರ. ಪೇಚಿ ಆರಿಸಿದ್ದು ಒಂದು ಲಕ್ಷದ ನಲವತ್ತೆರಡು ಸಾವಿರದ್ದು. ಫಲಕ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇದ್ದದ್ದು ಫಲಕ ನಿಲ್ಲಿಸುವ ಕಬ್ಬಿಣದ ಸ್ಟ್ಯಾಂಡಿನಲ್ಲಿ.

ಅಣ್ಣ ಅದನ್ನು ಓದಿದ್ದೇ ಎದ್ದು ಕೂತರು.

"ಸ್ಟ್ಯಾಂಡಿಗೆ ಇಷ್ಟು ದುಡ್ಡಾ? ನಾಲ್ಕು ಕಾಲು, ಎರಡು ಅಡ್ಡಪಟ್ಟಿ! ಸಂಧ್ಯಾಗು ಮನೆಗೆ ಕಬ್ಬಿಣ ನಿಲ್ಸೋಕೆ ಹೊರಗಿನವನು ಬರ್ಬೇಕಾ? ಅಂಗಳದಲ್ಲಿ ಹಳೇ ಕಬ್ಬಿಣದ ಕೋನಪಟ್ಟಿ ರಾಶಿ ಬಿದ್ದಿದೆ. ನನ್ನ ಹತ್ರ ಕಲಿತವರು ಅರ್ಧ ದಿನದಲ್ಲಿ ಬೆಸೆದು ಕೊಡ್ತಾರೆ. ಮೇಲೆ ಕೆಂಪು ಬಣ್ಣ ಎರಡು ಸಲ ಬಳಿದ್ರೆ ಆಯ್ತು."

"ಅಣ್ಣಾ, ಆಗರದಲ್ಲಿ ನಾವು ಉಪ್ಪೆಳೆಯೋದು ಮರದ ಹಲಗೆಯಿಂದ. ಯಾಕೆ ಹೇಳಿ?"

"ನಿಮ್ಮ ಆಗರದ ಯಜಮಾನನಿಗೆ ಕಬ್ಬಿಣ ಕೊಳ್ಳೋ ಯೋಗ್ಯತೆ ಇಲ್ಲ, ಅದಕ್ಕೆ."

"ಕಬ್ಬಿಣವನ್ನ ಉಪ್ಪು ತಿನ್ನುತ್ತೆ, ಅದಕ್ಕೆ."

"ಏಯ್, ಉಪ್ಪು ಎಳೆಯೋಳು ಬೆಸುಗೆಗಾರನಿಗೆ ಕಬ್ಬಿಣ ಕಲಿಸ್ಬೇಡ!"

ಪೇಚಿ ಜಗಳಕ್ಕೆ ನಿಲ್ಲಲಿಲ್ಲ. ಬಕೆಟ್ಟು ಎತ್ತಿಕೊಂಡು ಹೋದಳು. ಅಣ್ಣನಂಥವರ ಜೊತೆ ಬಾಯಲ್ಲಿ ವಾದಿಸಿ ಗೆದ್ದವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ ಎಂದು ಅವಳಿಗೂ ಗೊತ್ತು.

ನಾಲ್ಕು ದಿನ ಬಿಟ್ಟು ಬಂದಳು. ಗೋಣಿಚೀಲದಲ್ಲಿ ಸುತ್ತಿದ್ದ ಒಂದು ಮೊಳ ಉದ್ದದ ತುಂಡನ್ನು ತೆಗೆದು ಅಣ್ಣನ ಮಡಿಲಲ್ಲಿಟ್ಟಳು. ಕಡಲ ಕಡೆಯ ಮಾಳಿಗೆಯೊಂದರಲ್ಲಿ ಬಣ್ಣ ಬಳಿದ ಕಬ್ಬಿಣದ ಸ್ಟ್ಯಾಂಡು ಹಾಕಿದ್ದರು. ಎರಡೂವರೆ ವರ್ಷ ನಿಂತು, ಹೋದ ಮಳೆಗಾಲದ ಗಾಳಿಗೆ ಕಾಲು ಮುರಿದು ಫಲಕದ ಸಮೇತ ಕೆಳಗೆ ಬಿದ್ದಿತ್ತು. ಯಾರ ತಲೆಗೂ ಏಟಾಗಲಿಲ್ಲ, ದೇವರು ದೊಡ್ಡವನು. ಇದು ಅದರ ಕಾಲು.

ಅಣ್ಣ ಆ ತುಂಡನ್ನು ಹೊರಳಿಸಿ ನೋಡಿದರು. ಊಟದ ಚಮಚದಿಂದ ತಟ್ಟಿ ಸದ್ದು ಕೇಳಿದರು. ಉಗುರಿನಿಂದ ಕೆರೆದಾಗ ಕಬ್ಬಿಣ ಹಪ್ಪಳದ ಹಾಗೆ ಪದರು ಪದರಾಗಿ ಲುಂಗಿಯ ಮೇಲೆ ಉದುರಿತು.

"ಬೆಸುಗೆ ಹಾಕಿದ ಜಾಗದಲ್ಲೇ ಮೊದಲು ತಿಂದಿದೆ," ಎಂದರು ಕೊನೆಗೆ. "ಬೆಸೆದವನು ತಪ್ಪು ಮಾಡಿಲ್ಲ. ಕೈ ಒಳ್ಳೇದು. ಆದ್ರೂ ತಿಂದಿದೆ."

ಪೇಚಿ ಗೋಣಿಚೀಲ ಮಡಚುತ್ತಿದ್ದಳು. ಅಣ್ಣನೇ ಮುಂದುವರಿಸಿದರು.

"ನಾವು ದೋಣಿ ಹೊಟ್ಟೆಗೆ ಸತುವಿನ ಗಟ್ಟಿ ಕಟ್ತೀವಿ. ಉಪ್ಪುನೀರು ಸತು ತಿಂತಾ ಇರೋವರೆಗೆ ಕಬ್ಬಿಣ ಮುಟ್ಟಲ್ಲ. ಗಟ್ಟಿ ಸವೆದ್ರೆ ಹೊಸದು ಕಟ್ತೀವಿ. ನಲವತ್ತು ವರ್ಷ ನಾನೇ ಕಟ್ಟಿದೀನಿ. ನೀರಲ್ಲಿರೋ ಕಬ್ಬಿಣಕ್ಕೆ ಕೊಟ್ಟ ಬುದ್ಧಿ ಗಾಳಿಯಲ್ಲಿರೋ ಕಬ್ಬಿಣಕ್ಕೆ ಕೊಡ್ಲಿಲ್ಲ ನೋಡು." ಉಸಿರೆಳೆದುಕೊಂಡರು. "ಆ ದುಬಾರಿ ಪಟ್ಟಿಯಲ್ಲಿ ಏನು ಬರೆದಿದಾನೆ?"

"ಕಾದ ಸತುವಿನಲ್ಲಿ ಅದ್ದಿ ತೆಗೆದ ಕಬ್ಬಿಣ. ತುಕ್ಕು ಹಿಡಿಯದ ಸ್ಟೀಲ್ ಬೋಲ್ಟು."

"ಅದೇ ಸರಿ. ಅಳತೆಗೆ ಕತ್ತರಿಸಿ, ತೂತು ಕೊರೆದು, ಆಮೇಲೆ ಅದ್ದಬೇಕು. ಅದ್ದಿದ ಮೇಲೆ ಬೆಂಕಿ ತೋರಿಸಿದ್ರೆ ಸತು ಸುಟ್ಟು ಹೋಗುತ್ತೆ."

"ಅಂದ್ರೆ ಬೆಸುಗೆಗಾರನ ಮನೆ ಮೇಲೆ ಬೆಸುಗೆ ಬೇಡವಾ?" ಎಂದರು ಅಕ್ಕ, ಮೆಲ್ಲಗೆ.

"ಬೇಡ," ಎಂದರು ಅಣ್ಣ. ಆ ಒಂದು ಮಾತು ಹೇಳಲು ಅವರಿಗೆ ಎಷ್ಟು ಕಷ್ಟವಾಯಿತೆಂದು ಅಕ್ಕನಿಗೆ ಗೊತ್ತಿತ್ತು. ಎದ್ದು ಹೋಗಿ ಅವರಿಗೂ ಒಂದು ಲೋಟ ಕಾಫಿ ತಂದರು.

ಸ್ವಲ್ಪ ಕೈಯಿಂದ, ಉಳಿದದ್ದು ಬ್ಯಾಂಕಿನಿಂದ. ಹಾಗೆ ಹಣ ಹೊಂದಿಕೆಯಾಯಿತು. ಕೆಲಸದವರು ಬಂದ ದಿನ ಅಣ್ಣ ಮಂಚದ ಮೇಲೇ ಇದ್ದರು. ಹದಿನಾಲ್ಕು ಮೆಟ್ಟಿಲು ಹತ್ತುವುದು ಅವರಿಂದಾಗದು. ಮೇಲಿನ ಸದ್ದನ್ನೇ ಕೇಳುತ್ತಿದ್ದರು. ಇದು ಡ್ರಿಲ್ಲು, ಇದು ಬೋಲ್ಟು ಬಿಗಿಯುವುದು. ಮಧ್ಯಾಹ್ನದ ಹೊತ್ತಿಗೆ ಕಬ್ಬಿಣ ಕೊಯ್ಯುವ ಯಂತ್ರ ಕಿರ್ರೆಂದಿತು.

ದೋಣಿ ಅಂಗಳದ ಗದ್ದಲದಲ್ಲಿ ಕೂಗಿದರೆ ಯಾರಿಗೂ ಕೇಳದು. ಅದಕ್ಕೆ ಅಲ್ಲೊಂದು ಕಟ್ಟಳೆ ಇದೆ: ಕಬ್ಬಿಣದ ಮೇಲೆ ಕಬ್ಬಿಣವನ್ನು ಮೂರು ಸಲ ಬಡಿದರೆ, ಯಾರೇ ಆಗಲಿ, ಹಿಡಿದ ಕೆಲಸ ಅಲ್ಲಿಗೇ ನಿಲ್ಲಿಸಬೇಕು. ಅಣ್ಣ ಸ್ಟೀಲ್ ಲೋಟ ತೆಗೆದುಕೊಂಡು ಕಿಟಕಿಯ ಸರಳಿಗೆ ಮೂರು ಸಲ ಬಡಿದರು. ಮೇಲೆ ಸದ್ದು ತಟ್ಟನೆ ನಿಂತಿತು. ಮೇಸ್ತ್ರಿ ಇಳಿದು ಬಂದ. ಅವನೂ ಒಂದು ಕಾಲಕ್ಕೆ ಅಂಗಳದಲ್ಲಿ ದುಡಿದವನೇ.

"ಬಡಿದಿದ್ದು ನೀವಾ ಅಣ್ಣಾಚಿ?"

"ಏಲೇ, ಯಾಕೋ ಕೊಯ್ತಿದೀಯ?"

"ನೆಲ ಓರೆ ಇದೆ. ಒಂದು ಕಾಲು ಎರಡು ಬೆರಳು ಎತ್ತರ ಬಂತು. ಇನ್ನೂ ಬರೀ ಗೀರು ಬಿದ್ದಿದೆ."

"ಕೊಯ್ದ ಬಾಯಿಂದ ಉಪ್ಪು ಒಳಗೆ ಹೋಗುತ್ತೆ. ಗೀರಿಗೆ ಸತುವಿನ ಬಣ್ಣ ಬಳಿ. ಉಳಿದ ಮೂರು ಕಾಲಿನ ಅಡಿ ಸಿಮೆಂಟು ಎತ್ತರಿಸು."

"ಅದು ಗಟ್ಟಿಯಾಗೋಕೆ ಇನ್ನೂ ಮೂರು ದಿನ ಬೇಕು ಅಣ್ಣಾಚಿ."

"ಆಗ್ಲಿ ಬಿಡೋ. ನನಗೆ ಎಲ್ಲಿಗೂ ಹೋಗೋ ಆತುರ ಇಲ್ಲ. ಇನ್ನು ಮೇಲಂತೂ ಇಲ್ಲವೇ ಇಲ್ಲ."

ಮೇಸ್ತ್ರಿ ತಲೆ ಕೆರೆದುಕೊಂಡು, ನಗುತ್ತ ಮೇಲೆ ಹೋದ.

ಹೊಸ ಮೀಟರ್ ಬಂತು. ಸರ್ಕಾರದ ಹಣವೂ ಖಾತೆಗೆ ಬಂತು. ಅದನ್ನು ನೇರ ಬ್ಯಾಂಕಿಗೆ ಕಟ್ಟಿದರು. ಮೊದಲ ಬಿಲ್ಲು ಮುನ್ನೂರ ಹತ್ತು ರೂಪಾಯಿ. ಮಳೆಗಾಲದ ಮೋಡದಲ್ಲಿ ಅದು ಎಂಟುನೂರಕ್ಕೆ ಏರಿತು, ಇಲ್ಲವೆನ್ನುವುದಿಲ್ಲ. ಹೀಗೇ ನಡೆದರೆ ಹಾಕಿದ ಹಣ ಐದಾರು ವರ್ಷದಲ್ಲಿ ತೀರುತ್ತದೆ. ಫಲಕದ ಆಯುಷ್ಯ ಇಪ್ಪತ್ತೈದು ವರ್ಷ. ಕಾರ್ತಿಕದಲ್ಲಿ ಕಡಲಿಂದ ಬಿರುಗಾಳಿ ಎದ್ದು ಬೀದಿಯ ಎರಡು ತೆಂಗಿನಮರ ಉರುಳಿದವು. ಅಣ್ಣನ ಮಾಳಿಗೆಯ ನಾಲ್ಕು ಕಾಲು ಅಲುಗಲಿಲ್ಲ.

ಕಳೆದ ತಿಂಗಳು ಡಾಕ್ಟರು, "ದಿನಕ್ಕೆ ಎಷ್ಟು ಗಂಟೆ ಹಾಕ್ತೀರಿ?" ಎಂದು ಕೇಳಿದರಂತೆ. "ಹದಿನೇಳು," ಎಂದರು ಅಣ್ಣ. ಅಕ್ಕ ಪಕ್ಕದಲ್ಲೇ ಇದ್ದರು, ತಿದ್ದಲಿಲ್ಲ. ಅದು ನಿಜವೇ ಆಗಿತ್ತು.

ಮೊನ್ನೆ ಭಾನುವಾರ ಅಣ್ಣ ಮಾಳಿಗೆ ನೋಡಬೇಕೆಂದರು. ಅಕ್ಕ ಸಣ್ಣ ಸಿಲಿಂಡರ್ ಹಿಡಿದು ಹಿಂದೆ, ಪೇಚಿ ಮುಂದೆ. ಎರಡು ಮೆಟ್ಟಿಲಿಗೊಮ್ಮೆ ಕೂತು, ಅರ್ಧ ಗಂಟೆಯಲ್ಲಿ ಹತ್ತಿದರು. ಫಲಕಗಳನ್ನು ಅವರು ನೋಡಲೇ ಇಲ್ಲ. ಬಗ್ಗಿ ಒಂದೊಂದು ಕಾಲನ್ನೂ ಬೆರಳಿನಿಂದ ಸವರಿದರು, ಬೋಲ್ಟುಗಳ ಮೇಲೆ ಹೆಬ್ಬೆರಳಾಡಿಸಿದರು. ಏದುಸಿರು ತಹಬಂದಿಗೆ ಬಂದ ಮೇಲೆ, "ಕೆಲಸ ಚೆನ್ನಾಗಿದೆ," ಎಂದರು. ನಲವತ್ತು ವರ್ಷದಲ್ಲಿ ಇನ್ನೊಬ್ಬರ ಕೆಲಸಕ್ಕೆ ಅವರ ಬಾಯಿಂದ ಆ ಮಾತು ಬಂದದ್ದನ್ನು ನಾವಾರೂ ಕೇಳಿರಲಿಲ್ಲ.

ಇದನ್ನು ಓದುತ್ತಿರುವ, ಸಂಘದಲ್ಲಿ ಕೂತು ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯೂ ಕಡಲ ಗಾಳಿ ಬೀಸುವ ಕಡೆ ಇದ್ದರೆ ಒಂದು ಮಾತು ನಡೆಸಿಕೊಡಿ. ಸೋಲಾರ್ ಹಾಕಿಸುವ ಮುನ್ನ ಮೂರು ಕಡೆ ದರ ಕೇಳಿ. ಇಂದಿನ ದರ, ಇಂದಿನ ಸಹಾಯಧನ ಎಷ್ಟೆಂದು ನಿಮ್ಮೂರಿನ ವಿದ್ಯುತ್ ಕಚೇರಿಯಲ್ಲೇ ಕೇಳಿ ತಿಳಿಯಿರಿ. ಫಲಕದ ಬೆಲೆ ಎಲ್ಲರೂ ಕೇಳುತ್ತಾರೆ. ನೀವು ಅದರ ಕಾಲಿನ ಬಗ್ಗೆ ಕೇಳಿ. ಸತುವಿನಲ್ಲಿ ಅದ್ದಿದ್ದೋ, ಬರೀ ಬಣ್ಣವೋ? ಎಷ್ಟು ಗಾಳಿ ತಡೆಯುತ್ತದೆಂದು ಬರೆದು ಕೊಡುವಿರೋ? ಹಾಕಿಸಿದ ಮೇಲೆ ಹದಿನೈದು ದಿನಕ್ಕೊಮ್ಮೆ, ಬಿಸಿಲೇರುವ ಮುಂಚೆ, ಸಿಹಿನೀರಿನಿಂದ ಉಪ್ಪಿನ ಪೊರೆ ತೊಳೆಯಿರಿ.

ಮತ್ತೆ, ನಿಮ್ಮ ಮನೆಯ ಹಿರಿಯರನ್ನು ಇವತ್ತೇ ಒಮ್ಮೆ ಕೇಳಿ ನೋಡಿ: ಬಿಲ್ಲಿಗೆ ಹೆದರಿ ಅವರು ಏನನ್ನು ಆರಿಸುತ್ತಿದ್ದಾರೆ? ಈಗಷ್ಟೇ ಆರಿಸಿದೆ ಎಂದರೆ ನಂಬಬೇಡಿ. ಕೈಯಿಟ್ಟು ನೋಡಿ.