ಕರೆದಾಗ ಎತ್ತಿದ ಕೈ

"ನಿಮ್ಮ ಹೆಸರ ಎಲ್ಲೂ ಇಲ್ಲ ನೋಡ್ರಿ ಅಕ್ಕಾರ," ಎಂದು ಶಿವಯೋಗಿ ಮೂಗಿಗೆ ಕಟ್ಟಿಕೊಂಡಿದ್ದ ಕರವಸ್ತ್ರ ಬಿಚ್ಚಿದ. ಅವನು ಶಾಲೆಯ ಈಗಿನ ಆಟದ ಮಾಸ್ತರ. ಹಳೇ ಕ್ರೀಡಾ ದಾಖಲೆಯ ಧೂಳು ಮಾರ್ಗರೀಟಾಳ ಸೀರೆಯ ಮೇಲೂ ಕೂತಿತ್ತು. "ತೊಂಬತ್ತೆಂಟನೇ ಇಸವಿ, ಎಂಟುನೂರು ಮೀಟರ್, ಜಿಲ್ಲಾಕ್ಕ ಫಸ್ಟ್. ಹೆಸರು ದ್ರಾಕ್ಷಾಯಣಿ."

"ಅದು ನಾನ ರೀ ಸರ."

ಶಿವಯೋಗಿ ನಕ್ಕ. ಹನ್ನೊಂದು ವರ್ಷದಿಂದ ಅದೇ ಶಾಲೆಯಲ್ಲಿ ಬಿಸಿಯೂಟ ಬೇಯಿಸಿ ಬಡಿಸುವ ಮಾರ್ಗರೀಟಾ ತಾನೇ ದ್ರಾಕ್ಷಾಯಣಿ ಎಂದರೆ ಯಾರಿಗಾದರೂ ನಗು ಬರಬೇಕಾದ್ದೇ. ಸಿಟ್ಟಾಗಲು ಅವಳಿಗೆ ಪುರಸೊತ್ತಿರಲಿಲ್ಲ. ಹಳಿಯಾಳದಲ್ಲಿ ಹೊಸದಾಗಿ ತೆರೆದ ಕ್ರೀಡಾ ಹಾಸ್ಟೆಲಿಗೆ ಹುಡುಗಿಯರನ್ನು ನೋಡಿಕೊಳ್ಳುವ ಹೆಂಗಸು ಬೇಕಾಗಿತ್ತು. ಶಾಲೆಯಲ್ಲಿದ್ದಾಗ ಜಿಲ್ಲಾಮಟ್ಟದಲ್ಲಿ ಆಡಿದ ಪುರಾವೆ ಇದ್ದವರಿಗೆ ಮಾತ್ರ ಆ ಕೆಲಸ, ಶನಿವಾರ ಅರ್ಜಿಗೆ ಕಡೇ ದಿನ. ಅನ್ನದ ಹಂಡೆ ಎತ್ತಿ ಎತ್ತಿ ಅವಳ ಸೊಂಟ ಬಿದ್ದುಹೋಗಿತ್ತು ನಿಜ. ಆದರೆ ಆಸೆ ಅಷ್ಟಕ್ಕೇ ಅಲ್ಲ. ನಸುಕಿನಲ್ಲಿ ಮೈದಾನದ ಅಂಚಿಗೆ ನಿಂತು ಹುಡುಗಿಯರನ್ನು ಓಡಿಸಬೇಕೆಂದು ಅವಳ ಜೀವ ಒದ್ದಾಡುತ್ತಿತ್ತು.

ಅವಳು ನಡೆದದ್ದನ್ನೆಲ್ಲ ಹೇಳಿದ ಮೇಲೆ ಶಿವಯೋಗಿಯ ನಗು ನಿಂತಿತು. "ಆಗ ಓಡಿಸಿದ ಮಾಸ್ತರು ಎರಡು ಸಾಲು ಬರದು ಸಹಿ ಮಾಡಿಕೊಟ್ರ ಸಾಕು," ಎಂದ.

ಚನಬಸಪ್ಪ ಮಾಸ್ತರರು ನಿವೃತ್ತರಾಗಿ ಹಳಿಯಾಳದಲ್ಲಿದ್ದರು. ಮರುದಿನ ಮಾರ್ಗರೀಟಾ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಜಿಲ್ಲಾ ಕ್ರೀಡಾಕೂಟ ನಡೆದ ಕಾರವಾರದ ಆ ಬೆಳಗು ಕಣ್ಣ ಮುಂದೆ ಬರುತ್ತಿತ್ತು. "ದ್ರಾಕ್ಷಾಯಣಿ ಅಂತ ಕರೀತಾರ. ನೀ ಕೈ ಎತ್ತು. ಬ್ಯಾರೆ ಏನೂ ಮಾತಾಡಬ್ಯಾಡ," ಎಂದಿದ್ದರು ಮಾಸ್ತರರು. ಕಿರಾಣಿ ಅಂಗಡಿ ಸಾವಕಾರರ ಮಗಳು ದ್ರಾಕ್ಷಾಯಣಿ ಅವಳದೇ ಕ್ಲಾಸಿನವಳು. ಓಟವಿರಲಿ, ಬಿಸಿಲಿಗೆ ನಿಂತರೂ ತಲೆ ತಿರುಗಿ ಕೂರುವವಳು. ಆ ಹೆಸರು ಒಂದು ದಿನದ ಮಟ್ಟಿಗೆ ಎಂದು ಹದಿಮೂರರ ಹುಡುಗಿ ತಿಳಿದಿದ್ದಳು. ಕೈ ಎತ್ತಿದಳು, ಓಡಿದಳು, ಗೆದ್ದಳು. ಬಹುಮಾನದ ಕಪ್ಪು ಶಾಲೆಯ ಕಪಾಟಿಗೆ ಹೋಯಿತು, ಸರ್ಟಿಫಿಕೇಟು ಸಾವಕಾರರ ಮನೆಗೆ. ಈಗ ಪ್ರತಿ ಆಗಸ್ಟ್ ಹದಿನೈದಕ್ಕೆ ಆ ಕಪ್ಪನ್ನು ಹುಣಸೆಹಣ್ಣು ಹಚ್ಚಿ ಬೆಳಗುವ ಕೆಲಸ ಮಾತ್ರ ಅವಳಿಗೇ ಬಂದಿತ್ತು.

ಮಾಸ್ತರರು ಗುರುತು ಹಿಡಿದ ಕೂಡಲೇ ಕುರ್ಚಿಯಿಂದ ಎದ್ದೇಬಿಟ್ಟರು. "ಗುರುಸಿದ್ದವ್ವಾ, ಬಾ ಇಲ್ಲೆ! ನಾ ಹೇಳತಿದ್ನೆಲ್ಲ, ಸಿದ್ದಿ ಮಂದಿ ಹುಡುಗಿ, ಇಕೀನ ನೋಡು. ಬರಿಗಾಲಲೆ ಎರಡು ನಿಮಿಷ ಮೂವತ್ತೊಂದು ಸೆಕೆಂಡ್! ಕಡೇ ಸುತ್ತಿನ್ಯಾಗ ನಾಕು ಮಂದೀನ ಹಿಂದ ಹಾಕಿದ್ಲು!"

ಮಾರ್ಗರೀಟಾಳ ಕಣ್ಣು ತುಂಬಿ ಬಂತು. ಇಪ್ಪತ್ತೇಳು ವರ್ಷದ ಮೇಲೆ ಆ ಓಟ ತನ್ನದೆಂದು ಒಬ್ಬರು ಬಾಯಿಬಿಟ್ಟು ಹೇಳಿದ್ದರು. ಗುರುಸಿದ್ದವ್ವ ಚಹಾ ತಂದಳು, ಗಂಡನಿಗೆ ಪಿಂಗಾಣಿ ಕಪ್ಪಿನಲ್ಲಿ, ಇವಳಿಗೆ ಕಾಗದದ ಲೋಟದಲ್ಲಿ. ಮಾರ್ಗರೀಟಾ ಅದನ್ನು ಕಂಡೂ ಕಾಣದಂತೆ ಕುಡಿದು, ಚೀಲದಿಂದ ಬಿಳಿ ಹಾಳೆ ತೆಗೆದಳು.

"ಈಗ ಹೇಳಿದ್ರೆಲ್ಲ ಸರ, ಅದನ್ನ ಇದರ ಮ್ಯಾಲೆ ಬರದುಕೊಡ್ರಿ."

ಮಾಸ್ತರರು ಹಾಳೆ ನೋಡಿದರು, ಹೆಂಡತಿಯನ್ನು ನೋಡಿದರು, ಕುರ್ಚಿಯಲ್ಲಿ ಕೂತರು.

"ಬರದ್ರ ಕಳ್ಳ ಅನ್ನಸ್ಕೊಳ್ಳಾಂವ ನಾನ ಅಲ್ಲೇನವಾ? ಪಿಂಚಣಿ ಮ್ಯಾಲೆ ಬದುಕಾಂವ. ಮತ್ತ ದ್ರಾಕ್ಷಾಯಣಿ? ಆಕಿ ಆ ಸರ್ಟಿಫಿಕೇಟ್ ಮ್ಯಾಲೇನ ಟ್ರೇನಿಂಗ್ ಸೀಟ್ ತೊಗೊಂಡು ಟೀಚರ್ ಆಗ್ಯಾಳ. ಮಕ್ಕಳೊಂದಿಗಳು. ಆಕೀನ ಬೀದಿಗೆ ಹಾಕೂಣೇನು?"

"ನನ್ನ ಹೆಸರಲೇನ ಯಾಕ ಓಡಿಸಲಿಲ್ರಿ ಸರ?"

"ನಿನಗ ವಯಸ್ಸು ಮೀರಿತ್ತು. ಹದಿನಾಲ್ಕರ ಒಳಗಿನವರ ಓಟ ಅದು. ಶಾಲೆ ದಾಖಲೆ ಪ್ರಕಾರ ನಿನಗ ಹದಿನೈದು."

"ಆ ಹದಿನೈದು ಬರದಾವರು ಯಾರ್ರಿ?"

ಮಾಸ್ತರರು ಪೆನ್ನು ಕೈಗೆತ್ತಿಕೊಂಡರು. ಮಾರ್ಗರೀಟಾಳೇ ಹೇಳಿದಳು: "ನನ್ನ ಶಾಲೆಗೆ ಹಾಕಾಕ ಬಂದಾಗ ನಮ್ಮಪ್ಪ ಜಾನು ನಿಮ್ಮ ಮುಂದ ಕೈಮುಗದು ನಿಂತಿದ್ದ. ಸೂಪಾ ಡ್ಯಾಮಿನ್ಯಾಗ ನೀರು ಏರಿದ ವರ್ಷ ಹುಟ್ಟ್ಯಾಳ್ರಿ ಅಂದ. ನೀವು ನನ್ನ ಎತ್ತರ ನೋಡಿ ಎರಡು ವರ್ಷ ಕೂಡಿಸಿ ಬರದ್ರಿ. ಈ ಮಂದಿ ಮಕ್ಕಳ ವಯಸ್ಸು ಹಿಂಗ ನೋಡಿ ಬರೀಬೇಕಾಗ್ತೈತಿ ಅಂತ ನಕ್ಕಿರಿ. ನಮ್ಮಪ್ಪನೂ ನಕ್ಕ."

ಒಳಗೆ ಗುರುಸಿದ್ದವ್ವ ಪಾತ್ರೆ ಸದ್ದು ಮಾಡುತ್ತಿದ್ದಳು. ಚನಬಸಪ್ಪನವರು ಪೆನ್ನಿನ ಟೋಪಿ ತೆಗೆದರು, ಮತ್ತೆ ಹಾಕಿದರು. "ನಿನ್ನಂಥಾಕಿ ನನಗ ಮತ್ತ ಸಿಗಲಿಲ್ಲವಾ," ಎಂದರು ಕಡೆಗೆ. ಅದೂ ಸುಳ್ಳಿರಲಿಲ್ಲ. ಹಾಳೆ ಮಾತ್ರ ಖಾಲಿ ಉಳಿಯಿತು. ಮಾರ್ಗರೀಟಾ ಅದನ್ನು ಮಡಚಿ ಚೀಲಕ್ಕೆ ಹಾಕಿ ಎದ್ದಳು.

ಅವಳು ರಸ್ತೆಗೆ ಇಳಿಯುವಷ್ಟರಲ್ಲಿ ಅವಳೂರಿನ ಬಸ್ಸು ಸರ್ಕಲ್ಲಿನಿಂದ ಹೊರಟಿತು. ನೂರು ಹೆಜ್ಜೆ ದೂರವಿದ್ದೀತು, ಅಷ್ಟೆ. ಮಾಸ್ತರರು ಬಾಗಿಲಿಗೆ ಬಂದು ನಿಂತಿದ್ದರು. ಮೈದಾನದಲ್ಲಿ ಕೂಗುತ್ತಿದ್ದ ಅದೇ ದನಿ ಹಿಂದಿನಿಂದ ಬಂತು: "ಓಡು ಮಾರ್ಗರೀಟಾ, ಸಿಗ್ತೈತಿ, ಓಡು!"

ಅವರ ಬಾಯಿಂದ ಓಡುವಾಗ ತನ್ನ ಹೆಸರು ಕೇಳಿದ್ದು ಅದೇ ಮೊದಲು. ಕಾಲು ತಾನಾಗಿಯೇ ಎದ್ದಿತು. ಅವಳು ಅದನ್ನು ಮತ್ತೆ ನೆಲಕ್ಕೆ ಊರಿ, ಬೆನ್ನು ತಿರುಗಿಸಿಕೊಂಡೇ ನಿಂತಳು. ಬಸ್ಸು ತಿರುವು ದಾಟಿ ಹೋಯಿತು. ಮುಂದಿನದು ಒಂದೂವರೆ ತಾಸಿನ ಮೇಲಿತ್ತು.